ಗೋಡೆಯ ಬಿರುಕಿಗೊಂದು ಪಾಸ್‌ಬುಕ್

ಮಕ್ಕಳೇ, ನಿಮ್ಮ ಮನೆಯ ಹೊರಗೋಡೆಯನ್ನು ಯಾವತ್ತಾದರೂ ಹತ್ತಿರ ನಿಂತು ನೋಡಿದ್ದೀರಾ? ಚೆಂಡು ಬಡಿಯುವಾಗ ನೋಡಿರುತ್ತೀರಿ, ಬಣ್ಣ ಹೊಡೆಸುವಾಗ ನೋಡಿರುತ್ತೀರಿ. ನಾನು ನೋಡಿದ್ದೂ ಅಷ್ಟೇ. 1986ರಲ್ಲಿ ಬ್ಯಾಂಕಿನಿಂದ ಸಾಲ ತೆಗೆದು ತುಮಕೂರಿನಲ್ಲಿ ಕಟ್ಟಿಸಿದ ಮನೆ ನಮ್ಮದು. ಸಾಲದ ಕಂತಿನ ಲೆಕ್ಕ ಪೈಸೆ ಪೈಸೆ ನೆನಪಿದೆ. ಆದರೆ ಪಡುವಣ ಗೋಡೆಯಲ್ಲಿ ಬಿರುಕು ಯಾವಾಗ ಹುಟ್ಟಿತು ಎಂದು ಕೇಳಿದರೆ ಹೇಳಲಾರೆ.

ಕಳೆದ ವರ್ಷ ಜೂನ್ ತಿಂಗಳ ಮೊದಲ ಮಳೆ ಬಂದ ರಾತ್ರಿ ನಮ್ಮಾಕೆ ನನ್ನನ್ನು ಎಬ್ಬಿಸಿದಳು. "ರೀ, ಗೋಡೆ ಮತ್ತೆ ಅಳ್ತಾ ಇದೆ" ಎಂದಳು. ದೀಪ ಹಾಕಿ ನೋಡಿದೆ. ಅವಳ ಮಂಚದ ಪಕ್ಕದ ಗೋಡೆಯಲ್ಲಿ, ಕಿಟಕಿಯ ಕೆಳಗೆ, ತಟ್ಟೆಯಗಲ ಒದ್ದೆ. ಅವಳಿಗೆ ಉಬ್ಬಸದ ತೊಂದರೆ ಇದೆ. ಗೋಡೆ ತೇವವಾದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದರೆ ಅವಳು ರಾತ್ರಿಯೆಲ್ಲ ಕೆಮ್ಮುತ್ತಾಳೆ. ಹಿಂದಿನ ಮೂರು ಮಳೆಗಾಲದಲ್ಲೂ ಹೀಗೇ ಆಗಿತ್ತು. ಮೂರು ಸಲವೂ ಅಂಗಡಿಯಿಂದ ಪುಟ್ಟಿ ತಂದು, ಬೆರಳಲ್ಲಿ ಬಿರುಕಿಗೆ ಒತ್ತಿ, ಮೇಲೆ ಬಣ್ಣ ಬಳಿದು, ಕೈ ತೊಳೆದುಕೊಂಡಿದ್ದೆ.

ಮಾರನೆಯ ದಿನ ಸಂಜೆ ಮಗಳ ಮಗಳು ಸ್ಕೂಲು ಬಿಟ್ಟು ನಮ್ಮ ಮನೆಗೆ ಬಂದಳು. ಏಳನೇ ತರಗತಿ. ಮನೆಯಲ್ಲಿ ಅವಳನ್ನು ಕರೆಯುವುದೂ ಪುಟ್ಟಿ ಎಂದೇ. ನಾನು ಚೀಲ ಹಿಡಿದು ಹೊರಟಿದ್ದೆ.

"ಎಲ್ಲಿಗೆ ತಾತ?"

"ಪುಟ್ಟಿ ತರೋದಕ್ಕೆ."

"ನಾನು ಇಲ್ಲೇ ಇದೀನಲ್ಲ!"

ಇಬ್ಬರೂ ನಕ್ಕೆವು. ಆಮೇಲೆ ಅವಳನ್ನು ಕರೆದುಕೊಂಡು ಹೋಗಿ ಬಿರುಕು ತೋರಿಸಿದೆ. ಕಿಟಕಿಯ ಕೆಳಮೂಲೆಯಿಂದ ಓರೆಯಾಗಿ ಇಳಿದು ಮೊಣಕಾಲೆತ್ತರಕ್ಕೆ ಬಂದಿತ್ತು. ಅವಳು ಸ್ವಲ್ಪ ಹೊತ್ತು ನೋಡಿ, "ತಾತ, ಇದು ಬೆಳೀತಾ ಇದೆಯಾ, ಅಥವಾ ಇದ್ದಷ್ಟೇ ಇದೆಯಾ?" ಎಂದು ಕೇಳಿದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಚಿಕೆಯಾಯಿತು, ಏಕೆಂದರೆ ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಲೆಕ್ಕ ಹತ್ತು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಒಂಬತ್ತಾದರೂ ಮನೆಗೆ ಹೋಗುತ್ತಿರಲಿಲ್ಲ. ತಪ್ಪು ಎಲ್ಲಿದೆ ಎಂದು ಹುಡುಕಬೇಕೇ ಹೊರತು, ಹತ್ತು ರೂಪಾಯಿ ಜೇಬಿನಿಂದ ಹಾಕಿ ಮುಚ್ಚಿಬಿಡಬಾರದು ಎಂದು ಹಿರಿಯ ಗುಮಾಸ್ತರು ಕಲಿಸಿದ್ದರು. ಗೋಡೆಯ ವಿಷಯದಲ್ಲಿ ಮೂರು ವರ್ಷ ನಾನು ಮಾಡಿದ್ದು ಅದನ್ನೇ. ಕಾರಣ ಹುಡುಕದೆ ಮುಚ್ಚಿಬಿಟ್ಟಿದ್ದೆ.

ಅದೇ ರಾತ್ರಿ ಪುಣೆಯಿಂದ ಮಗನ ಫೋನು. ಅವನ ಅಮ್ಮ ಎಲ್ಲ ಹೇಳಿದ್ದಳು. "ಅಪ್ಪಾ, ಓರೆ ಬಿರುಕು ಅಂದ್ರೆ ತಳಪಾಯ ಹೋಗಿದೆ ಅಂತ. ಮನೆ ಕೊಟ್ಟುಬಿಡೋಣ. ಕೇಳೋರೂ ಇದಾರೆ. ನೀವಿಬ್ಬರೂ ಇಲ್ಲಿಗೆ ಬಂದುಬಿಡಿ. ಸಂಕ್ರಾಂತಿಗೆ ಬಂದಾಗ ಮಾತು ಮುಗಿಸೋಣ" ಎಂದ. ಅವನು ಹೇಳಿದ್ದು ಪ್ರೀತಿಯಿಂದಲೇ. ಆದರೆ ನಮ್ಮಾಕೆ ಆ ದಿನ ಊಟ ಸರಿಯಾಗಿ ಮಾಡಲಿಲ್ಲ. ಹಿತ್ತಲಲ್ಲಿ ಅವಳು ನೆಟ್ಟ ನುಗ್ಗೆಮರ ಇದೆ, ಬಾವಿಕಟ್ಟೆ ಇದೆ, ಎದುರು ಮನೆಯ ಗೆಳತಿ ಇದ್ದಾಳೆ.

ಮೇಸ್ತ್ರಿಯನ್ನು ಕರೆಸಿದೆ. ನಮ್ಮ ಬಡಾವಣೆಯ ಎಷ್ಟೋ ಮನೆಗಳಿಗೆ ಗಾರೆ ಕೆಲಸ ಮಾಡಿದ ಹಿರಿಯ. ಅವರು ಬಂದವರೇ ಸಾಮಾನು ಬಿಚ್ಚಲಿಲ್ಲ. ಮನೆಯ ಸುತ್ತ ಎರಡು ಸುತ್ತು ಹಾಕಿದರು.

"ಬಿರುಕು ಅಂದ್ರೆ ಅಕ್ಷರ ಇದ್ದಂಗೆ ಸಾರ್. ಮೊದ್ಲು ಓದ್ಬೇಕು, ಆಮೇಲೆ ಮುಚ್ಚೋದು" ಎಂದರು. ಪುಟ್ಟಿ ಕೂಡಲೇ ನೋಟ್‌ಬುಕ್ ತಂದಳು. ಅವರು ಹೇಳಿದ್ದನ್ನೂ ನಾನು ಆಮೇಲೆ ಎಂಜಿನಿಯರ್ ಒಬ್ಬರಿಂದ ಕೇಳಿ ತಿಳಿದಿದ್ದನ್ನೂ ಸೇರಿಸಿ ನಿಮಗೆ ಹೇಳುತ್ತೇನೆ.

ಮೊದಲನೆಯದು ಕೂದಲೆಳೆಯಂಥ ಬಿರುಕು. ಕೆರೆ ಒಣಗಿದಾಗ ಕೆಸರು ಬಿರಿದಂತೆ ಗೋಡೆಯ ಮೇಲೆ ಬಲೆ ನೇಯ್ದಿರುತ್ತದೆ. ಗಾರೆಗೆ ಸಿಮೆಂಟು ಹೆಚ್ಚಾದರೆ ಅಥವಾ ಬಿಸಿಲಿಗೆ ಬೇಗ ಒಣಗಿದರೆ ಹೀಗಾಗುತ್ತದೆ. ಇದು ಮೇಲ್ಮೈಯದ್ದು, ಮನೆಗೆ ಅಪಾಯವಿಲ್ಲ.

ಎರಡನೆಯದು ತಾರಸಿಯ ಕೆಳಗೆ ಗೋಡೆಯ ಉದ್ದಕ್ಕೂ ಅಡ್ಡವಾಗಿ ಓಡುವ ಗೆರೆ. ಇದಕ್ಕೆ ಕಾರಣ ಬಿಸಿಲು. ಮಕ್ಕಳೇ, ಒಂದು ಲೆಕ್ಕ ಮಾಡಿ. ಒಂದು ಮೀಟರ್ ಕಾಂಕ್ರೀಟು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 0.01 ಮಿಲಿಮೀಟರ್ ಹಿಗ್ಗುತ್ತದೆ. ತಾರಸಿ 10 ಮೀಟರ್ ಉದ್ದ ಇದೆ, ಬೆಳಗಿನ ಜಾವಕ್ಕಿಂತ ಮಧ್ಯಾಹ್ನ 20 ಡಿಗ್ರಿ ಹೆಚ್ಚು ಕಾಯುತ್ತದೆ ಎಂದುಕೊಳ್ಳಿ. ಎಷ್ಟು ಹಿಗ್ಗಿತು? 10 ಗುಣಿಸು 20 ಗುಣಿಸು 0.01, ಅಂದರೆ 2 ಮಿಲಿಮೀಟರ್. ಕೆಳಗಿನ ಇಟ್ಟಿಗೆ ಗೋಡೆ ಅಷ್ಟು ಹಿಗ್ಗುವುದಿಲ್ಲ. ಒಬ್ಬರು ಎಳೆಯುತ್ತಾರೆ, ಇನ್ನೊಬ್ಬರು ಬರುವುದಿಲ್ಲ. ನಡುವೆ ಸಿಕ್ಕಿದ ಗಾರೆ ಸೀಳುತ್ತದೆ.

ಮೂರನೆಯದು ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಡುವುದು, ನಮ್ಮದರ ಹಾಗೆ. ಏಕೆ ಮೂಲೆಯಿಂದಲೇ? ಒಂದು ಕಾಗದದ ನಡುವೆ ಚೌಕಾಕಾರದ ತೂತು ಕತ್ತರಿಸಿ, ಎರಡೂ ಕಡೆ ಹಿಡಿದು ಎಳೆಯಿರಿ. ಹರಿಯುವುದು ಚೌಕದ ಮೂಲೆಯಿಂದ. ಗೋಡೆಯೂ ಹಾಗೆಯೇ. ಎಲ್ಲ ಎಳೆತವೂ ಮೂಲೆಯಲ್ಲಿ ಬಂದು ಸೇರುತ್ತದೆ.

ನಾಲ್ಕನೆಯದು ಮೆಟ್ಟಿಲು ಬಿರುಕು. ಇಟ್ಟಿಗೆಯ ಸಂದುಗಳಲ್ಲಿ ಇಳಿಯುತ್ತಾ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು. ಇದನ್ನು ಕಂಡರೆ ಹುಷಾರಾಗಬೇಕು. ತಳಪಾಯ ಒಂದು ಕಡೆ ಕುಸಿಯುತ್ತಿರಬಹುದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಗದಗಿನಲ್ಲಿದ್ದೆ. ಅಲ್ಲಿಯ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ಆಳಕ್ಕೆ ಪಾಯ ಹಾಕದೆ ಕಟ್ಟಿದ ಮನೆಗಳಲ್ಲಿ ಇಂಥ ಬಿರುಕು ನೋಡಿದ್ದೆ. ನಮ್ಮ ಕಡೆಯ ಕೆಂಪುಮಣ್ಣು ಅಷ್ಟು ಹಿಗ್ಗಿ ಕುಗ್ಗುವುದಿಲ್ಲ. ಆದರೆ ಪಾಯದ ಬುಡಕ್ಕೆ ಸದಾ ನೀರು ನಿಂತರೆ ಯಾವ ಮಣ್ಣಾದರೂ ಸಡಿಲವಾಗುತ್ತದೆ.

ಐದನೆಯದು ಸಜ್ಜಾ, ಕಂಬಗಳ ಉದ್ದಕ್ಕೆ ಬರುವ ಬಿರುಕು, ಪಕ್ಕದಲ್ಲಿ ಕಂದು ಬಣ್ಣದ ಕಲೆ. ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ ಎಂದು ಅರ್ಥ. ತುಕ್ಕು, ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಜಾಗ ಇಲ್ಲದಿದ್ದರೆ ಕಾಂಕ್ರೀಟನ್ನೇ ಒಡೆದು ಜಾಗ ಮಾಡಿಕೊಳ್ಳುತ್ತದೆ. ಮೇಲೆ ಗಾರೆ ಮೆತ್ತಿ ಪ್ರಯೋಜನವಿಲ್ಲ, ತುಕ್ಕು ಉಜ್ಜಿ ತೆಗೆಯಲೇಬೇಕು.

"ಹಾಗಾದ್ರೆ ನಮ್ಮದು ತಳಪಾಯದ್ದಲ್ಲ ಅಂತೀರಾ?" ಎಂದು ಕೇಳಿದೆ.

"ನೋಡಿದ್ರೆ ಅಲ್ಲ ಅನ್ಸುತ್ತೆ. ಆದ್ರೆ ಒಂದೇ ದಿನ ನೋಡಿ ಹೇಳಬಾರ್ದು ಸಾರ್. ಬಿರುಕು ಮಲಗಿದೆಯೋ ಎದ್ದು ಓಡಾಡ್ತಾ ಇದೆಯೋ ಅಂತ ಒಂದಾರು ತಿಂಗಳು ನೋಡಬೇಕು. ಅಲ್ಲೀವರೆಗೆ ನೀರು ಒಳಗೆ ಹೋಗದಂಗೆ ಮಾಡ್ಕೊಡ್ತೀನಿ." ಸಜ್ಜಾದಿಂದ ಕೆಳಗೆ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು, ಅಂಚಿಗೆ ಮರದ ಪಟ್ಟಿ ಹೊಡೆದು ಹೋದರು. ಅಂದವಾಗಿರಲಿಲ್ಲ, ಆದರೆ ಆ ಮಳೆಗಾಲ ಕಳೆಯಿತು. ಭಾನುವಾರ ಅಳತೆ ತೆಗೆಯುವಾಗ ಮಾತ್ರ ಒಂದು ಬದಿಯ ಪಟ್ಟಿ ಬಿಚ್ಚಿ ಮತ್ತೆ ಹಾಕುತ್ತಿದ್ದೆ.

ಆರು ತಿಂಗಳು ನೋಡುವುದು ಹೇಗೆ? ಇಲ್ಲಿ ನನ್ನ ಬ್ಯಾಂಕು ಉಪಯೋಗಕ್ಕೆ ಬಂತು. ಪುಟ್ಟಿಗೆ ಒಂದು ಹಳೆಯ ಉದ್ದ ನೋಟ್‌ಬುಕ್ ಕೊಟ್ಟು ಗೆರೆ ಎಳೆಸಿದೆ. ತಾರೀಕು, ಅಗಲ, ಎರಡು ಗುರುತುಗಳ ನಡುವಿನ ಅಂತರ, ತುದಿ ಎಲ್ಲಿದೆ, ಕೊನೆಗೆ ಷರಾ. ಬಿರುಕಿನ ಎಡಕ್ಕೊಂದು ಬಲಕ್ಕೊಂದು ಪೆನ್ಸಿಲಿನಿಂದ ಸಣ್ಣ ಕೂಡುಗುರುತು ಹಾಕಿದೆವು. ನಡುವೆ ಸರಿಯಾಗಿ 50 ಮಿಲಿಮೀಟರ್. ಬಿರುಕಿನ ತುದಿಗೆ ಒಂದು ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆದೆವು. ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ, ಬಿಸಿಲು ಬೀಳುವ ಮೊದಲು, ಅದೇ ಸ್ಕೇಲಿನಿಂದ ಅಳತೆ. ಹೊತ್ತು ಬದಲಾದರೆ ಬಿಸಿಯೂ ಬದಲಾಗುತ್ತದೆ, ಲೆಕ್ಕ ತಪ್ಪುತ್ತದೆ.

ಮುಖಪುಟದ ಮೇಲೆ ಪುಟ್ಟಿ 'ಬಿರುಕು ಬ್ಯಾಂಕ್, ಪಾಸ್‌ಬುಕ್' ಎಂದು ಬರೆದಳು. ಮೊದಲ ಷರಾ ಇವತ್ತಿಗೂ ಇದೆ: 'ಮಳೆ ಇಲ್ಲ. ತಾತ ಸ್ಕೇಲು ಮುರಿದರು.'

ಎರಡನೇ ವಾರ ಅವಳು ಹೊಸ ತಕರಾರು ತೆಗೆದಳು. "ಒಂದೇ ಖಾತೆ ಇದ್ರೆ ಅದು ಬ್ಯಾಂಕ್ ಹೇಗಾಗುತ್ತೆ ತಾತ?" ಸರಿ, ಇನ್ನೊಂದು ಬಿರುಕು ಹುಡುಕಿದಳು. ಗೇಟಿನ ಪಕ್ಕದ ಕಾಂಪೌಂಡ್ ಗೋಡೆಯಲ್ಲಿ ಒಂದಿತ್ತು. ಬೋಗನ್‌ವಿಲ್ಲಾ ಬಳ್ಳಿ ಮುಚ್ಚಿದ್ದರಿಂದ ನಾವ್ಯಾರೂ ಗಮನಿಸಿರಲಿಲ್ಲ. ಕಾಂಪೌಂಡ್ ತಾನೇ ಎಂದು ನಾನೂ ಉದಾಸೀನದಿಂದ ಗುರುತು ಹಾಕಿಕೊಟ್ಟೆ. ಅಲ್ಲೂ 50 ಮಿಲಿಮೀಟರ್.

ಜುಲೈ, ಆಗಸ್ಟ್, ಸೆಪ್ಟೆಂಬರ್. ಕಿಟಕಿಯ ಬಿರುಕು 50, 50, 50. ತುದಿ ಪೆನ್ಸಿಲ್ ಗೆರೆ ದಾಟಲಿಲ್ಲ. ನಮ್ಮಾಕೆಯೂ ಭಾನುವಾರ ಕಾಫಿ ಹಿಡಿದು ಬಂದು, "ಇವತ್ತೆಷ್ಟು?" ಎಂದು ಕೇಳತೊಡಗಿದಳು.

ಅಕ್ಟೋಬರಿನಲ್ಲಿ ಹಿಂಗಾರು ಮಳೆ ಜೋರಾಗಿ ಹಿಡಿಯಿತು. ಒಂದು ಭಾನುವಾರ ಪುಟ್ಟಿ ಗೇಟಿನ ಬಳಿಯಿಂದ ಕೂಗಿದಳು. "ತಾತ, ಐವತ್ತೆರಡು ಬರ್ತಾ ಇದೆ!" ಸರಿಯಾಗಿ ಹಿಡಿದಿಲ್ಲ, ಮತ್ತೆ ನೋಡು ಎಂದೆ. ಮತ್ತೆಯೂ 52. ನಾನೇ ಹೋಗಿ ನೋಡಿದೆ, 52. ಮುಂದಿನ ವಾರ 54. ತುದಿ ನಮ್ಮ ಗೆರೆಯಿಂದ ಮೂರು ಬೆರಳು ಕೆಳಗೆ ಇಳಿದಿತ್ತು. ಬಳ್ಳಿ ಸರಿಸಿ ನೋಡಿದರೆ ಇಟ್ಟಿಗೆಯ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲು.

ಮಕ್ಕಳೇ, ಆ ಗೋಡೆಯ ಆಚೆ ಬದಿಯಲ್ಲೇ ನಮ್ಮ ಬೀದಿಯ ಮಕ್ಕಳು ಬೆಳಿಗ್ಗೆ ಸ್ಕೂಲ್ ಆಟೋಗೆ ಕಾಯುವುದು. ಚೀಲ ಒರಗಿಸುವುದು ಅದೇ ಗೋಡೆಗೆ.

ಮೇಸ್ತ್ರಿ ಓಡಿ ಬಂದರು. ದಾರಕ್ಕೆ ಕಟ್ಟಿದ ಗುಂಡನ್ನು ಗೋಡೆಯ ನೆತ್ತಿಯಿಂದ ಬಿಟ್ಟರು. ದಾರ ಯಾವಾಗಲೂ ನೆಟ್ಟಗೆ ಇಳಿಯುತ್ತದೆ, ಭೂಮಿ ಅದನ್ನು ಎಳೆಯುವುದೇ ಹಾಗೆ. ಗೋಡೆ ಆ ದಾರಕ್ಕಿಂತ ಒಂದು ಅಂಗುಲ ಬೀದಿ ಕಡೆ ವಾಲಿತ್ತು. ಬುಡ ಅಗೆದಾಗ ಕಾರಣ ಸಿಕ್ಕಿತು. ಬಚ್ಚಲ ನೀರಿನ ಪೈಪು ಒಡೆದು ಪಾಯದ ಮಣ್ಣು ಕೆಸರಾಗಿತ್ತು. ಅದೇ ದಿನ ನಾನು ಬೀದಿಯಲ್ಲಿ ನಿಂತು ಎಲ್ಲ ಮನೆಗೂ ಹೇಳಿ, ಆಟೋ ನಿಲ್ಲುವ ಜಾಗ ಬದಲಾಯಿಸಿದೆ. ಮೂರನೇ ದಿನ ಆ ಹತ್ತಡಿ ಗೋಡೆಯನ್ನು ನಿಧಾನವಾಗಿ ಇಳಿಸಿ, ಪೈಪು ಸರಿ ಮಾಡಿಸಿ, ಹೊಸ ಪಾಯ ಹಾಕಿ ಕಟ್ಟಿಸಿದೆವು.

ನಮಗೆ ಭಯವಿದ್ದದ್ದು ಮನೆಯ ಬಿರುಕಿನ ಬಗ್ಗೆ. ಅದು ಮಲಗಿತ್ತು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಬಿರುಕು ಎದ್ದು ನಡೆಯುತ್ತಿತ್ತು. ನಾನು ಆವತ್ತು ಜೂನ್ ತಿಂಗಳಲ್ಲಿ ಎರಡಕ್ಕೂ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ? ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಸಂಕ್ರಾಂತಿಗೆ ಮಗ ಬಂದ. ತನ್ನ ಸ್ನೇಹಿತನ ಮೂಲಕ ಒಬ್ಬ ಎಂಜಿನಿಯರನ್ನೂ ಕರೆಸಿದ. ಅವರು ಮನೆಯೆಲ್ಲ ನೋಡಿ, ಬಾಗಿಲುಗಳನ್ನು ತೆಗೆದು ಹಾಕಿ, ಎಲ್ಲೂ ಬಿಗಿಯಾಗಿಲ್ಲ ಎಂದು ಖಾತರಿ ಮಾಡಿಕೊಂಡರು. ಆಮೇಲೆ ಪುಟ್ಟಿ ಪಾಸ್‌ಬುಕ್ ಕೊಟ್ಟಳು. ಅವರು ಒಂದೊಂದೇ ಸಾಲು ಓದಿ, "ನಾನು ಕೇಳಬೇಕಾದ ಪ್ರಶ್ನೆಗೆ ಉತ್ತರ ಇಲ್ಲೇ ಇದೆಯಲ್ಲ" ಎಂದರು. ತಳಪಾಯ ಗಟ್ಟಿಯಾಗಿದೆ, ಇದು ಗಾರೆಯ ಬಿರುಕು, ನೀರಿನ ದಾರಿ ತಪ್ಪಿಸಿ ರಿಪೇರಿ ಮಾಡಿಸಿ ಎಂದು ಹೇಳಿದರು. ಮಗ ನನ್ನ ಮುಖ ನೋಡಿದ, ನಾನು ನಮ್ಮಾಕೆಯ ಮುಖ ನೋಡಿದೆ. ಅವಳು ಒಳಗೆ ಹೋಗಿ ಎಲ್ಲರಿಗೂ ಎಳ್ಳುಬೆಲ್ಲ ತಂದಳು. ಮನೆ ಕೊಡುವ ಮಾತು ಅವತ್ತಿಗೆ ಮುಗಿಯಿತು.

ಇನ್ನು ರಿಪೇರಿ. ಗೋಡೆ ಚೆನ್ನಾಗಿ ಒಣಗಿದ ಮೇಲೆ, ಬಿಸಿಲು ಏರುವ ಮೊದಲು ಮಾಡಬೇಕು ಎಂದು ಮೇಸ್ತ್ರಿ ಫೆಬ್ರವರಿ ಆರಿಸಿದರು.

ಮೊದಲ ಕೆಲಸ ಬಿರುಕಿನದ್ದಲ್ಲ, ನೀರಿನದ್ದು. ಕಿಟಕಿಯ ಮೇಲಿನ ಸಜ್ಜಾದ ಅಡಿಯಲ್ಲಿ, ಅಂಚಿನಿಂದ ಎರಡು ಬೆರಳು ಒಳಗೆ, ಉದ್ದಕ್ಕೂ ಒಂದು ಸಣ್ಣ ಗೀರು ಇರಬೇಕಂತೆ. ಮಳೆನೀರು ಸಜ್ಜಾದ ಅಡಿಗೆ ಅಂಟಿಕೊಂಡು ಗೋಡೆಯ ಕಡೆ ಹರಿಯುವಾಗ ಆ ಗೀರಿನಲ್ಲಿ ತಡೆದು ಕೆಳಗೆ ತೊಟ್ಟಿಕ್ಕುತ್ತದೆ. ನಮ್ಮ ಸಜ್ಜಾದ ಗೀರು ಬಣ್ಣದ ಮೇಲೆ ಬಣ್ಣ ಕೂತು ತುಂಬಿಹೋಗಿತ್ತು. ನೀರು ನೇರವಾಗಿ ಬಿರುಕಿಗೆ ಹೋಗುತ್ತಿತ್ತು. ಅದನ್ನು ಕೆರೆದು ಬಿಡಿಸಿದರು. ಸಣ್ಣ ಬಿರುಕು ನೀರನ್ನು ಒಳಗೆ ಬಿಡುವುದಷ್ಟೇ ಅಲ್ಲ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಎಳೆದುಕೊಳ್ಳುತ್ತದೆ.

ಎರಡನೆಯದು ತಟ್ಟಿ ನೋಡುವುದು. ಉಳಿಯ ಮರದ ಹಿಡಿಯಿಂದ ಬಿರುಕಿನ ಎರಡೂ ಬದಿ ತಟ್ಟಿದರು. ಗಟ್ಟಿ ಇದ್ದಲ್ಲಿ 'ಟಕ್' ಎನ್ನುತ್ತದೆ, ಗಾರೆ ಗೋಡೆ ಬಿಟ್ಟಿದ್ದಲ್ಲಿ ಹಣ್ಣಾದ ಕಲ್ಲಂಗಡಿಯ ಹಾಗೆ 'ಡಬ್' ಎನ್ನುತ್ತದೆ. ಪುಟ್ಟಿ ಸೀಮೆಸುಣ್ಣದಿಂದ ಡಬ್ ಎಂದ ಜಾಗವನ್ನೆಲ್ಲ ಸುತ್ತು ಹಾಕಿದಳು. ಅಷ್ಟನ್ನೂ ಕಿತ್ತು ತೆಗೆದರು. ಟೊಳ್ಳಿನ ಮೇಲೆ ಹೊಸ ಗಾರೆ ನಿಲ್ಲುವುದಿಲ್ಲ.

ಉಳಿದ ಕಡೆ ಬಿರುಕನ್ನು ಉಳಿಯಿಂದ ಬೆರಳಗಲ ಬಿಡಿಸಿದರು. "ಇರೋದನ್ನ ಇನ್ನೂ ದೊಡ್ಡದು ಮಾಡ್ತೀರಲ್ಲ!" ಎಂದು ಪುಟ್ಟಿ ಗಾಬರಿಯಾದಳು. "ಹಲ್ಲು ಹುಳುಕಾದ್ರೆ ಡಾಕ್ಟ್ರು ಕೊರೆದು ತಾನೇ ತುಂಬೋದು ಮಗಾ?" ಎಂದರು ಮೇಸ್ತ್ರಿ. ಕೂದಲೆಳೆಯಷ್ಟು ಸಂದಿಗೆ ಗಾರೆ ಇಳಿಯುವುದೇ ಇಲ್ಲ, ಬಾಯಿಗೆ ಮಾತ್ರ ಅಂಟುತ್ತದೆ. ನನ್ನ ಪುಟ್ಟಿ ಮೂರು ವರ್ಷ ಉದುರಿದ್ದು ಇದಕ್ಕೇ. ಮೇಲಾಗಿ ನಾನು ತಂದದ್ದು ಒಳಗೋಡೆಯ ಪುಟ್ಟಿ, ಮಳೆಗೆ ತಾಳುವಂಥದ್ದಲ್ಲ.

ಮೂರನೆಯದು ಮರಳಿನ ಪರೀಕ್ಷೆ. ಇದನ್ನು ನೀವೂ ಮಾಡಬಹುದು. ಉದ್ದನೆಯ ಗಾಜಿನ ಬಾಟಲಿಯಲ್ಲಿ ಅರ್ಧದಷ್ಟು ಮರಳು, ಅದರ ಮೇಲೆ ಮುಕ್ಕಾಲಿನವರೆಗೆ ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಅಲ್ಲಾಡಿಸಿ ಮೂರು ಗಂಟೆ ಮುಟ್ಟದೆ ಇಡಿ. ಮರಳು ಕೆಳಗೆ ಕೂರುತ್ತದೆ, ಅದರ ಮೇಲೆ ನುಣ್ಣನೆಯ ಮಣ್ಣು ಕೂರುತ್ತದೆ. ಸ್ಕೇಲಿಟ್ಟು ಅಳೆಯಿರಿ. ನೂರಕ್ಕೆ ಎಂಟಕ್ಕಿಂತ ಹೆಚ್ಚು ಮಣ್ಣಿದ್ದರೆ ಆ ಮರಳು ಗಾರೆಗೆ ಬೇಡ. ಮೊದಲು ತಂದ ಮರಳಿನಲ್ಲಿ 50 ಮಿಲಿಮೀಟರಿಗೆ 7 ಮಿಲಿಮೀಟರ್ ಮಣ್ಣು. ಶೇಕಡ ಎಷ್ಟಾಯಿತು? 14. ವಾಪಸು ಕಳಿಸಿದೆವು. ಎರಡನೆಯದರಲ್ಲಿ 60ಕ್ಕೆ 3. ಅದನ್ನು ಜರಡಿ ಹಿಡಿದು ಇಟ್ಟುಕೊಂಡರು.

ನಾಲ್ಕನೆಯದು ಗಾರೆ ಕಲಸುವುದು. ಮೇಸ್ತ್ರಿ ಬಾಂಡ್ಲಿಯಲ್ಲಿ ಒಂದು ಪಾಲು ಸಿಮೆಂಟಿಗೆ ಐದು ಪಾಲು ಮರಳು ಹಾಕಿದರು. ನನಗೆ ಜಿಪುಣತನ ಅನ್ನಿಸಿತು.

"ಇನ್ನೊಂದು ಪಾಲು ಸಿಮೆಂಟ್ ಹಾಕಿ ಮೇಸ್ತ್ರಿಗಳೇ, ಗಟ್ಟಿಯಾಗ್ಲಿ. ದುಡ್ಡು ನಾನು ಕೊಡ್ತೀನಿ."

"ಹಾಕಿದ್ರೆ ಗಟ್ಟಿ ಆಗುತ್ತೆ, ಆದ್ರೆ ಬಿರಿಯುತ್ತೆ ಸಾರ್. ಸಿಮೆಂಟ್ ಜಾಸ್ತಿ ಆದಷ್ಟೂ ಒಣಗುವಾಗ ಜಾಸ್ತಿ ಕುಗ್ಗುತ್ತೆ. ಗೋಡೆಗಿಂತ ಗಾರೆ ಗಡಸಾಗಬಾರ್ದು."

ಈ ಮಾತು ನನಗೆ ಹಳೆಯದೊಂದನ್ನು ನೆನಪಿಸಿತು. ಹಳ್ಳಿಯಲ್ಲಿ ನಮ್ಮ ಅಪ್ಪನ ಕಾಲದ ಮನೆಗೆ ಸುಣ್ಣದ ಗಾರೆ ಇತ್ತು. ಎತ್ತು ಕಟ್ಟಿದ ಗಾಣದಲ್ಲಿ ಸುಣ್ಣ, ಮರಳು ಅರೆದು, ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ ಮಾಡುತ್ತಿದ್ದ ಗಾರೆ ಅದು. ಹಂಪಿಯ ಕಮಲ ಮಹಲಿನ ಕಮಾನುಗಳ ಮೇಲೆ ಕಾಣುವುದೂ ಇಟ್ಟಿಗೆಗೆ ಮೆತ್ತಿದ ಸುಣ್ಣದ ಗಾರೆಯೇ. ಸುಣ್ಣದ ಗಾರೆ ಮೆದು. ಕೂದಲೆಳೆ ಬಿರುಕಿಗೆ ನೀರು ಇಳಿದರೆ ಸ್ವಲ್ಪ ಸುಣ್ಣ ಕರಗಿ, ಒಣಗುವಾಗ ಅಲ್ಲೇ ಗಟ್ಟಿಯಾಗಿ, ಬಿರುಕು ತಾನಾಗಿ ಕೂಡಿಕೊಳ್ಳುವುದೂ ಉಂಟು. ಗೋಡೆಯೊಳಗಿನ ತೇವ ಅದರ ಮೂಲಕ ಹೊರಗೂ ಹೋಗುತ್ತದೆ. ನಾನು ನೌಕರಿಯ ಜಂಬದಲ್ಲಿ ಅದರ ಮೇಲೆ ಗಡಸು ಸಿಮೆಂಟ್ ಹೊಡೆಸಿದೆ. ತೇವ ಒಳಗೇ ಉಳಿಯಿತು. ಕೆಲವು ಮಳೆಗಾಲದಲ್ಲಿ ಸಿಮೆಂಟು ಹಪ್ಪಳದಂತೆ ಎದ್ದು, ಹಳೆಯ ಗಾರೆಯನ್ನೂ ಕಿತ್ತುಕೊಂಡು ಬಿತ್ತು. ಹಿಂದೆಯೇ ಮಣ್ಣಿನ ಗೋಡೆಯೂ ಹೋಯಿತು. ಅಪ್ಪ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ನಿಮ್ಮ ಊರಿನಲ್ಲಿ ಸುಣ್ಣದ ಗಾರೆಯ ಹಳೆಯ ಮನೆ ಇದ್ದರೆ, ತೇಪೆಗೂ ಸುಣ್ಣವನ್ನೇ ಹುಡುಕಿಸಿ.

ಮೇಸ್ತ್ರಿಗೆ ಮತ್ತೆ ಎದುರಾಡಲಿಲ್ಲ. ಅವರು ಬಿರುಕಿನ ಧೂಳನ್ನು ಬ್ರಷ್ಷಿನಿಂದ ತೆಗೆದು, ಗೋಡೆಗೆ ನೀರು ಚಿಮುಕಿಸಿದರು. ಒದ್ದೆಯಿರಬೇಕು, ನೀರು ಇಳಿಯುತ್ತಿರಬಾರದು. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ಕಿಟಕಿಯ ಮೂಲೆಯಲ್ಲಿ, ಗಾರೆ ಕಿತ್ತ ಜಾಗಕ್ಕೆ, ಕೋಳಿಗೂಡಿಗೆ ಹಾಕುವಂಥ ತಂತಿಬಲೆಯನ್ನು ಅಡ್ಡವಾಗಿ ಬಡಿದರು. ಹರಿದ ಬಟ್ಟೆಗೆ ಹಿಂದಿನಿಂದ ತುಂಡು ಕೊಟ್ಟು ಹೊಲಿದ ಹಾಗೆ. ಮೊದಲ ಪದರ ಒತ್ತಿ ತುಂಬಿ, ಕರಣೆಯ ತುದಿಯಿಂದ ಗೀರು ಎಳೆದು ಬಿಟ್ಟರು. ಮಾರನೆಯ ದಿನ ತೆಳ್ಳಗೆ ಎರಡನೇ ಪದರ ಕೊಟ್ಟು ಮರದ ಹಲಗೆಯಿಂದ ಉಜ್ಜಿ ಸುತ್ತಲಿನ ಗೋಡೆಗೆ ಸಮ ಮಾಡಿದರು. ಅರ್ಧ ಗಂಟೆಗೆ ಆಗುವಷ್ಟು ಮಾತ್ರ ಗಾರೆ ಕಲಸುತ್ತಿದ್ದರು. ಬಿಗಿಯಾದ ಗಾರೆಗೆ ನೀರು ಹುಯ್ದು ಮತ್ತೆ ಕಲಸುವುದು ಕಳ್ಳಕೆಲಸ ಎನ್ನುತ್ತಾರೆ ಅವರು.

ಐದನೆಯದು ನೀರುಣಿಸುವುದು. ಇಲ್ಲಿ ಪುಟ್ಟಿಗೆ ದೊಡ್ಡ ಅನುಮಾನ. "ಒಣಗಲಿ ಅಂತ ಬಿಡೋದಲ್ವಾ? ಮತ್ತೆ ನೀರು ಯಾಕೆ?" ಮಕ್ಕಳೇ, ಬಹಳ ಜನ ದೊಡ್ಡವರಿಗೂ ಇದು ತಿಳಿದಿರುವುದಿಲ್ಲ. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದ ಅಲ್ಲ. ಅದು ನೀರಿನ ಜೊತೆ ರಾಸಾಯನಿಕವಾಗಿ ಸೇರಿ ಗಟ್ಟಿಯಾಗುತ್ತದೆ. ನೀರು ಬೇಗ ಹಾರಿಹೋದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಕಡಿಮೆ ಎಂದರೂ ಏಳು ದಿನ ಒದ್ದೆಯಾಗಿಡಬೇಕು. ಗೋಣಿತಾಟು ಇಳಿಬಿಟ್ಟು, ದಿನಕ್ಕೆ ಮೂರು ಹೊತ್ತು ನೀರು ಚಿಮುಕಿಸಿದೆವು. ಬೆಳಿಗ್ಗೆ ನನ್ನ ಪಾಳಿ, ಮಧ್ಯಾಹ್ನ ನಮ್ಮಾಕೆಯದ್ದು, ಸಂಜೆ ಪುಟ್ಟಿಯದ್ದು. ಬಣ್ಣ ಹೊಡೆಸಲು ನಾಲ್ಕು ವಾರ ಕಾದೆವು. ಹಸಿ ಗಾರೆಯ ಕ್ಷಾರ ಬಣ್ಣವನ್ನು ತಿಂದುಬಿಡುತ್ತದೆ.

ಅಜ್ಜಂದಿರೇ, ನಿಮಗೊಂದು ಮಾತು. ನನಗೆ ಈಗ ಎಪ್ಪತ್ನಾಲ್ಕು. ಮೇಲಿನ ಬಿರುಕನ್ನು ನಾನೇ ನೋಡುತ್ತೇನೆ ಎಂದು ಏಣಿಗೆ ಕೈ ಹಾಕಿದ್ದೆ. ನಮ್ಮಾಕೆ ಏಣಿ ಹಿಡಿದು ನಿಂತು, "ಗೋಡೆ ಬಿದ್ದರೆ ಮೇಸ್ತ್ರಿ ಕಟ್ಟಿಕೊಡ್ತಾರೆ, ನೀವು ಬಿದ್ದರೆ?" ಎಂದಳು. ಇಳಿದೆ. ನಮ್ಮ ವಯಸ್ಸಿನವರು ಮಾಡಬೇಕಾದದ್ದು ನೆಲದ ಮೇಲೆ ನಿಂತು ನೋಡುವುದು, ಬರೆದಿಡುವುದು. ಮಕ್ಕಳೇ, ನೀವೂ ಹಸಿ ಸಿಮೆಂಟನ್ನು ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಸುಡುತ್ತದೆ. ಉಳಿ ಹೊಡೆಯುವಾಗ ಹತ್ತಿರ ನಿಲ್ಲಬೇಡಿ, ಚೂರು ಕಣ್ಣಿಗೆ ಹಾರುತ್ತದೆ. ಬಿರುಕಿನಲ್ಲಿ ಅರಳಿ ಗಿಡ ಚಿಗುರಿದ್ದರೆ ಎಳೆಯದಿರುವಾಗಲೇ ದೊಡ್ಡವರಿಗೆ ತೋರಿಸಿ. ಮೇಲೆ ಚಿವುಟಿದರೆ ಸಾಲದು, ಬೇರು ಸಹಿತ ಹೋಗಬೇಕು.

ಬಿರುಕಿನಲ್ಲಿ ಪೆನ್ಸಿಲಿನಷ್ಟು ಸಂದು ಬಿಟ್ಟಿದ್ದರೆ, ಒಂದು ಬದಿ ಮುಂದಕ್ಕೆ ಬಂದಿದ್ದರೆ, ಬಾಗಿಲು ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾದರೆ, ಬಿರುಕು ಒಳಗೂ ಹೊರಗೂ ಒಂದೇ ಕಡೆ ಕಂಡರೆ, ಆಗ ಪಾಸ್‌ಬುಕ್ ಬರೆಯುತ್ತಾ ಕೂರಬಾರದು. ಕೂಡಲೇ ತಿಳಿದ ಎಂಜಿನಿಯರನ್ನು ಕರೆಯಬೇಕು.

ಈ ವರ್ಷದ ಮೊದಲ ಮಳೆ ಬಂದ ರಾತ್ರಿ ನಾನೇ ಎದ್ದು ದೀಪ ಹಾಕಿದೆ. ನಮ್ಮಾಕೆ ಆಗಲೇ ಎದ್ದು ಕೂತು ಕಿಟಕಿಯ ಕೆಳಗಿನ ಗೋಡೆಯ ಮೇಲೆ ಅಂಗೈ ಇಟ್ಟಿದ್ದಳು. "ಒಣಗಿದೆ ರೀ" ಎಂದಳು. ಸ್ವಲ್ಪ ಹೊತ್ತು ಇಬ್ಬರೂ ಮಳೆಯ ಸದ್ದು ಕೇಳುತ್ತಾ ಕೂತಿದ್ದೆವು.

ಪಾಸ್‌ಬುಕ್ ನಿಂತಿಲ್ಲ. ಈಗ ತಿಂಗಳಿಗೊಂದು ಸಲ ಅಳತೆ. ಹೊಸ ಗಾರೆಯ ಮೇಲೆ ಹೊಸ ಗುರುತು ಹಾಕಿದ್ದೇವೆ. ಎದುರು ಮನೆಯವರೂ ಅವರ ಮೆಟ್ಟಿಲ ಪಕ್ಕದ ಬಿರುಕಿಗೆ ಖಾತೆ ತೆರೆದಿದ್ದಾರೆ. ಖಾತೆ ತೆರೆಯಲು ಪುಟ್ಟಿ ಒಂದು ಚಾಕೊಲೇಟ್ ಶುಲ್ಕ ಇಟ್ಟಿದ್ದಾಳೆ. ಈ ಭಾನುವಾರ ನೀವೂ ತಾತನನ್ನೋ ಅಜ್ಜಿಯನ್ನೋ ಕೈ ಹಿಡಿದು ಕರೆದುಕೊಂಡು ಮನೆಗೆ ಒಂದು ಸುತ್ತು ಹಾಕಿ. ಒಂದು ಪೆನ್ಸಿಲು, ಒಂದು ಸ್ಕೇಲು ಸಾಕು. ಬಳ್ಳಿ ಇದ್ದರೆ ಸರಿಸಿ ನೋಡುವುದನ್ನು ಮಾತ್ರ ಮರೆಯಬೇಡಿ.